ಮೀಟರಿಲ್ಲದ ನಾಡಿನಲ್ಲಿ ಮೀಟರ್‌ಗೇಜು

1873ರ ಫೆಬ್ರವರಿ 14ರಂದು ದೆಹಲಿ ಮತ್ತು ರೇವಾಡಿಯ ನಡುವೆ ಹೊಸ ರೈಲುಮಾರ್ಗವೊಂದು ತೆರೆಯಿತು. ದಾರಿಯ ಉದ್ದ ಅಳೆದದ್ದು ಮೈಲಿಯಲ್ಲಿ, ಪ್ಲಾಟ್‌ಫಾರಂ ಕಟ್ಟಿದ್ದು ಅಡಿಯ ಲೆಕ್ಕದಲ್ಲಿ, ಹಳಿಯ ತೂಕ ಹಿಡಿದದ್ದು ಪೌಂಡಿನಲ್ಲಿ. ಮುಂದೆ ರಜಪೂತಾನಾದ ಗಾಡಿಗಳು ಹೇರಿಕೊಂಡು ಬಂದ ಸಾಂಭರ್ ಉಪ್ಪನ್ನು ತೂಗಿದ್ದು ಮಣದಲ್ಲಿ. ಇಷ್ಟೆಲ್ಲದರ ನಡುವೆ ಒಂದೇ ಒಂದು ಅಳತೆ ನೆಂಟರ ಮನೆಗೆ ಬಂದ ಅಪರಿಚಿತನ ಹಾಗಿತ್ತು. ಎರಡು ಹಳಿಗಳ ಒಳ ಅಂಚುಗಳ ನಡುವಿನ ಜಾಗ ಸರಿಯಾಗಿ ಒಂದು ಮೀಟರ್.

ಆಗ ಬ್ರಿಟಿಷ್ ಇಂಡಿಯಾದ ಯಾವ ಅಂಗಡಿಯಲ್ಲೂ ಯಾರೂ ಮೀಟರಿನಲ್ಲಿ ಬಟ್ಟೆ ಅಳೆಯುತ್ತಿರಲಿಲ್ಲ. ಗಜ, ಮೊಳ, ಮಾರು, ಹರಿದಾರಿಗಳ ಕಾಲ ಅದು. ಸರ್ಕಾರಿ ಕಚೇರಿಗಳಲ್ಲಿ ಅಡಿ, ಅಂಗುಲ, ಮೈಲಿ. ಮೀಟರ್ ಈ ದೇಶದ ಕಾನೂನುಬದ್ಧ ಅಳತೆಯಾದದ್ದು ಸ್ವಾತಂತ್ರ್ಯ ಬಂದು ಒಂಬತ್ತು ವರ್ಷದ ಮೇಲೆ, 1956ರಲ್ಲಿ. ಆ ಹೊತ್ತಿಗಾಗಲೇ ಮೀಟರ್‌ಗೇಜಿನ ಹಳಿ ದೇಶದಲ್ಲಿ 24,000 ಕಿಲೋಮೀಟರ್ ಆಸುಪಾಸು ಹಬ್ಬಿತ್ತು. ಅಳತೆಗಿಂತ ಮೊದಲು ಆ ಅಳತೆಯ ಹಳಿ ಬಂದು ಮೂರು ತಲೆಮಾರು ಕಳೆದಿತ್ತು. ಇದು ಹೇಗಾಯಿತು ಎಂದು ಹುಡುಕುತ್ತ ಹೋದರೆ ಇಂಗ್ಲೆಂಡಿನ ಕಲ್ಲಿದ್ದಲ ಗಣಿ, ಫ್ರಾನ್ಸಿನ ಕ್ರಾಂತಿ, ಕಲ್ಕತ್ತದ ಖಜಾನೆ, ಮೈಸೂರಿನ ಬರಗಾಲ ಎಲ್ಲವೂ ಒಂದೇ ಹಳಿಯ ಮೇಲೆ ಸಿಗುತ್ತವೆ.

ಇಂಗ್ಲೆಂಡಿನ ಉತ್ತರದ ಗಣಿಗಳಲ್ಲಿ ಕುದುರೆಗಳು ಕಲ್ಲಿದ್ದಲ ಬಂಡಿ ಎಳೆಯುತ್ತಿದ್ದ ಹಳಿಗಳು ಸುಮಾರು 4 ಅಡಿ 8 ಅಂಗುಲ ಅಗಲವಿದ್ದವು. ಜಾರ್ಜ್ ಸ್ಟೀಫನ್‌ಸನ್ ಬೆಳೆದದ್ದು ಆ ಗಣಿಗಳಲ್ಲಿ. ತನ್ನ ಉಗಿಯಂತ್ರವನ್ನು ಅವನು ಅದೇ ಅಗಲಕ್ಕೆ ಕೂಡಿಸಿದ. 1830ರ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗಕ್ಕೆ ಬರುವಾಗ ಚಕ್ರ ಸಲೀಸಾಗಿ ಆಡಲೆಂದು ಅರ್ಧ ಅಂಗುಲ ಸೇರಿತ್ತು: 4 ಅಡಿ 8½ ಅಂಗುಲ. ಅದರ ಹಿಂದೆ ಗಣಿತವೇನೂ ಇರಲಿಲ್ಲ, ರೂಢಿಯಿತ್ತು. ಇಸಂಬಾರ್ಡ್ ಬ್ರೂನೆಲ್ ಎಂಬ ಇನ್ನೊಬ್ಬ ಮಹಾಶಯನಿಗೆ ಇದು ನಗೆಪಾಟಲಾಗಿ ಕಂಡಿತು. ಗಣಿಬಂಡಿಯ ಅಗಲವನ್ನು ಉಗಿಬಂಡಿಗೇಕೆ ಹೊರಿಸಬೇಕು? ಅವನು ತನ್ನ ಗ್ರೇಟ್ ವೆಸ್ಟರ್ನ್ ರೈಲ್ವೆಗೆ ಏಳು ಅಡಿ ಕಾಲು ಅಂಗುಲದ ಹಳಿ ಹಾಕಿದ. ಅವನ ಗಾಡಿಗಳು ಓಡಿದ್ದೂ ಹೆಚ್ಚು ವೇಗವಾಗಿ, ಹೆಚ್ಚು ನಯವಾಗಿ.

ಎರಡೂ ಅಗಲಗಳು ಗ್ಲಾಸ್ಟರ್ ಎಂಬ ಊರಿನಲ್ಲಿ ಎದುರಾದವು. ಒಂದರಿಂದ ಇಳಿಸಿ ಇನ್ನೊಂದಕ್ಕೆ ಏರಿಸುವ ರಗಳೆ ನೋಡಲು ಸಂಸತ್ತಿನ ಸಮಿತಿ ಬಂತು. ರಗಳೆ ಸಾಲದೆ ಹೋದೀತೆಂದು ಅಲ್ಲಿನ ಗೂಡ್ಸ್ ಅಧಿಕಾರಿಯೊಬ್ಬ ಆಗಲೇ ತುಂಬಿ ಮುಗಿದಿದ್ದ ಎರಡು ರೈಲುಗಳನ್ನು ಮತ್ತೆ ಇಳಿಸಿ ಹೇರಿಸಿದನಂತೆ. ಕೂಗಾಟ, ಬೀಳುವ ಪೆಟ್ಟಿಗೆ, ಉರುಳುವ ಪೀಪಾಯಿ ಕಂಡು ಸದಸ್ಯರು ದಂಗಾದರು ಎಂಬುದು ರೈಲ್ವೆಯವರು ಚಪ್ಪರಿಸಿ ಹೇಳುವ ಕಥೆ. 1846ರಲ್ಲಿ ಕಾನೂನು ಬಂದು ಸ್ಟೀಫನ್‌ಸನ್ನನ ಅಗಲಕ್ಕೆ ಗೆಲುವಾಯಿತು. ಬ್ರೂನೆಲ್ಲನ ಕೊನೆಯ ಅಗಲಹಳಿ ಕಿತ್ತದ್ದು ಮಾತ್ರ 1892ರಲ್ಲಿ.

ಈ ಗೇಜುಗಳ ಜಗಳ ನಡೆಯುತ್ತಿದ್ದಾಗ ಲಂಡನ್ನಿನ ಬೋರ್ಡ್ ಆಫ್ ಟ್ರೇಡ್ ಅಧ್ಯಕ್ಷನಾಗಿದ್ದವನು ಒಬ್ಬ ಎಳೆಯ ಸ್ಕಾಟಿಷ್ ಶ್ರೀಮಂತ. 1848ರಲ್ಲಿ, ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ, ಅವನು ಗವರ್ನರ್ ಜನರಲ್ ಆಗಿ ಕಲ್ಕತ್ತದಲ್ಲಿ ಇಳಿದ. ಲಾರ್ಡ್ ಡಾಲ್‌ಹೌಸಿ. ನಮ್ಮ ಪಠ್ಯಪುಸ್ತಕಗಳಲ್ಲಿ ಅವನು ದತ್ತು ಮಕ್ಕಳಿಗೆ ಹಕ್ಕಿಲ್ಲವೆಂದು ಸಂಸ್ಥಾನಗಳನ್ನು ನುಂಗಿದವನು, ಅದು ಸರಿಯೇ. ಆದರೆ ರೈಲಿನ ವಿಷಯದಲ್ಲಿ ಅವನಷ್ಟು ತಯಾರಿ ಮಾಡಿಕೊಂಡು ಈ ದೇಶಕ್ಕೆ ಬಂದ ಆಡಳಿತಗಾರ ಬೇರೆ ಯಾರೂ ಇರಲಿಲ್ಲ.

ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಇಂಗ್ಲೆಂಡಿನ ಅಗಲವೇ ಇಲ್ಲಿಗೂ ಸಾಕು ಎಂದಿದ್ದರು. ಇಲ್ಲಿನ ಸಲಹಾ ಎಂಜಿನಿಯರ್ ಸಿಮ್ಸ್ 5 ಅಡಿ 6 ಅಂಗುಲ ಬೇಕೆಂದಿದ್ದ. 1850ರ ಜುಲೈನಲ್ಲಿ ಡಾಲ್‌ಹೌಸಿ ಉದ್ದನೆಯ ಟಿಪ್ಪಣಿ ಬರೆದು ಆರು ಅಡಿ ಕೇಳಿದ. ಇಂಗ್ಲೆಂಡಿನಲ್ಲಿ ಎರಡು ಅಗಲ ಬೇರೂರಿದ ಮೇಲೆ ಸಂಸತ್ತು ಕಣ್ಣು ಬಿಟ್ಟಿತು. ಇಲ್ಲಿ ಇನ್ನೂ ಒಂದು ಹಳಿಯೂ ಬಿದ್ದಿಲ್ಲ, ಒಂದೇ ಅಗಲ ಇಡುವ ಅಧಿಕಾರ ಸರ್ಕಾರದ ಕೈಯಲ್ಲೇ ಇದೆ, ಆದ್ದರಿಂದಲೇ ಆಯ್ಕೆಯಲ್ಲಿ ಎಡವಬಾರದು ಎಂಬುದು ಅವನ ವಾದದ ತಿರುಳು. ಕಡೆಗೆ ಎಲ್ಲರೂ ಸಿಮ್ಸನ ಐದೂವರೆ ಅಡಿಗೆ ಒಪ್ಪಿದರು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ರೈಲು ಓಡಿದ್ದು ಆ ಅಗಲದ ಮೇಲೆ. ಇವತ್ತಿನ ನಮ್ಮ ಬ್ರಾಡ್‌ಗೇಜ್ ಅದೇ: 1,676 ಮಿಲಿಮೀಟರ್. ದೇಶಕ್ಕೊಂದೇ ಹಳಿ ಎಂಬ ಡಾಲ್‌ಹೌಸಿಯ ಆಸೆ ಇಪ್ಪತ್ತು ವರ್ಷ ಕೂಡ ಬಾಳಲಿಲ್ಲ.

ಅದನ್ನು ಮುರಿದದ್ದು ದುಡ್ಡು. ಮೊದಲ ರೈಲುಗಳನ್ನು ಕಟ್ಟಿದವು ಲಂಡನ್ನಿನ ಖಾಸಗಿ ಕಂಪನಿಗಳು. ಹೂಡಿದ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿ ಖಾತ್ರಿ. ಗಾಡಿ ಓಡಿ ಅಷ್ಟು ಹುಟ್ಟದಿದ್ದರೆ ಕೊರತೆ ತುಂಬುವುದು ಭಾರತದ ರೈತನ ಕಂದಾಯ. ಹೀಗಿರುವಾಗ ಕೈ ಬಿಗಿ ಹಿಡಿಯುವವರು ಯಾರು? ಸೇತುವೆ ಭದ್ರ, ನಿಲ್ದಾಣ ಭವ್ಯ, ಲೆಕ್ಕ ಸಡಿಲ. ಕಲ್ಕತ್ತದಲ್ಲಿ ಹಣಕಾಸು ನೋಡಿಕೊಂಡಿದ್ದ ವಿಲಿಯಂ ಮ್ಯಾಸಿ ಮುಂದೆ ಸಂಸತ್ತಿನ ಸಮಿತಿಯ ಮುಂದೆ ಇದನ್ನು ಬಿಚ್ಚಿಯೇ ಹೇಳಿದ: ತನ್ನ ಐದು ಪರ್ಸೆಂಟ್ ಬರುತ್ತಿರುವ ತನಕ ತನ್ನ ದುಡ್ಡನ್ನು ಹೂಗ್ಲಿ ನದಿಗೆ ಸುರಿದರೂ ಇಟ್ಟಿಗೆ ಗಾರೆ ಮಾಡಿದರೂ ಇಂಗ್ಲಿಷ್ ಸಾಹುಕಾರನಿಗೆ ಏನೂ ಅನ್ನಿಸುತ್ತಿರಲಿಲ್ಲ ಎಂದು.

1869ರಲ್ಲಿ ವೈಸರಾಯ್ ಆಗಿ ಬಂದ ಲಾರ್ಡ್ ಮೇಯೊಗೆ ಖಜಾನೆಯ ತಳ ಕಾಣುತ್ತಿತ್ತು. ಇನ್ನು ಮುಂದೆ ಸರ್ಕಾರವೇ ರೈಲು ಕಟ್ಟಬೇಕು, ಅಗ್ಗವಾಗಿ ಕಟ್ಟಬೇಕು ಎಂದಾಯಿತು. ಸಣ್ಣ ಹಳಿಯ ಗಾಳಿ ಆಗ ಜಗತ್ತಿನಲ್ಲೆಲ್ಲ ಬೀಸುತ್ತಿತ್ತು. ವೇಲ್ಸಿನ ಬೆಟ್ಟಗಳಲ್ಲಿ ಫೆಸ್ಟಿನಿಯೋಗ್ ಎಂಬ ಪುಟ್ಟ ರೈಲ್ವೆ ಎರಡು ಅಡಿಯ ಹಳಿಯ ಮೇಲೆ ಗಣಿಯ ಕಲ್ಲುಹಲಗೆ ಸಾಗಿಸುತ್ತಿತ್ತು. 1870ರಲ್ಲಿ ರಾಬರ್ಟ್ ಫೇರ್ಲಿ ಎಂಬಾತ ಅಲ್ಲಿ ತನ್ನ ಎರಡು ಮೂತಿಯ ಎಂಜಿನ್ ಓಡಿಸಿ ದೇಶದೇಶದ ಎಂಜಿನಿಯರುಗಳನ್ನು ಬೆರಗುಗೊಳಿಸಿದ. ನಮ್ಮಲ್ಲೇ ಬರೋಡೆಯ ಗಾಯಕವಾಡರು 1862ರಲ್ಲಿ ಡಭೋಯಿಯಲ್ಲಿ ಎರಡೂವರೆ ಅಡಿಯ ಹಳಿ ಹಾಕಿಸಿದ್ದರು. ಎಂಜಿನ್ನಿನ ಭಾರವನ್ನು ಆ ಹಳಿ ತಡೆಯದೆ, ಮೊದಲ ವರ್ಷಗಳಲ್ಲಿ ಅಲ್ಲಿ ರೈಲು ಎಳೆದದ್ದು ಎತ್ತುಗಳು.

ಎಷ್ಟು ಸಣ್ಣದು ಎಂಬ ಪ್ರಶ್ನೆಗೆ ನಾಲ್ವರ ಸಮಿತಿ ಕೂತಿತು. ರಿಚರ್ಡ್ ಸ್ಟ್ರಾಚಿ, ಡಿಕೆನ್ಸ್, ರೆಂಡೆಲ್ ಎಂಬ ಮೂವರು 2 ಅಡಿ 9 ಅಂಗುಲ ಎಂದರು. ಜಾನ್ ಫೌಲರ್ ಒಬ್ಬ 3 ಅಡಿ 6 ಅಂಗುಲಕ್ಕೆ ಪಟ್ಟು ಹಿಡಿದ. ಮೇಯೊ ನಡುವೆ ನಿಂತು 3 ಅಡಿ 3 ಅಂಗುಲ ಅಂದ. ಬೋಗಿಯಲ್ಲಿ ನಾಲ್ಕು ಜನ ಒತ್ತಾಗಿ ಕೂರಲು ಆರೂವರೆ ಅಡಿ ಬೇಕು, ಹಳಿಯ ಎರಡರಷ್ಟು ಅಗಲಕ್ಕೆ ಬೋಗಿ ಕಟ್ಟಬಹುದು, ಆದ್ದರಿಂದ ಅದರರ್ಧ ಹಳಿ ಎಂದು ಅವನು ಲೆಕ್ಕ ಹಾಕಿದನೆಂದು ರೈಲ್ವೆಯ ಇತಿಹಾಸದಲ್ಲಿ ಹೇಳಿಕೊಂಡು ಬಂದಿದ್ದಾರೆ. ಇಡೀ ಉಪಖಂಡದ ರೈಲಿನ ಅಗಲವನ್ನು ನಾಲ್ಕು ಜನರ ಸೊಂಟ ನಿರ್ಧರಿಸಿದ್ದು ನಿಜವಾಗಿದ್ದರೆ, ಅಗಲ ಅಳೆದ ಉಳಿದ ಮಾನದಂಡಗಳಿಗಿಂತ ಅದೇನೂ ಕಡೆಯಲ್ಲ.

ಈ 3 ಅಡಿ 3 ಅಂಗುಲಕ್ಕೆ ಇನ್ನೊಂದು ಗಲೀಜು ಭಿನ್ನರಾಶಿ, ಅಂದರೆ ಅಂಗುಲದ ಎಂಟರಲ್ಲಿ ಮೂರು ಪಾಲು, ಸೇರಿಸಿದರೆ ಒಂದು ಮೀಟರ್ ಆಗುತ್ತದೆ. ಸೇರಿಸಿದರು. ಏಕೆಂದರೆ ಸ್ಟ್ರಾಚಿಗೆ ಮೀಟರಿನ ಹುಚ್ಚಿತ್ತು. ಲೋಕೋಪಯೋಗಿ ಇಲಾಖೆಯ ಈ ಕರ್ನಲ್, ಊರಿಗೊಂದು ಸೇರು ಪೇಟೆಗೊಂದು ಮಣ ಇರುವ ಈ ದೇಶಕ್ಕೆ ಫ್ರೆಂಚರ ದಶಮಾಂಶ ಪದ್ಧತಿಯೇ ಮದ್ದು ಎಂದು ನಂಬಿದ್ದ. ಮೇಯೊ ಕೂಡ ಅದಕ್ಕೆ ಒಲಿದಿದ್ದ. ಹೇಗೂ ನಾಳೆ ಮೀಟರ್ ಬರುತ್ತದೆ, ಹಳಿಯನ್ನು ಇವತ್ತೇ ಅದರಲ್ಲಿ ಹಾಕಿಬಿಡೋಣ ಎಂಬುದು ಯೋಚನೆ.

ಆ ಮೀಟರಿನ ಹುಟ್ಟೂ ಸರಳವಾದದ್ದಲ್ಲ. ರಾಜನ ಕಾಲಿನ ಉದ್ದ, ಊರಿನ ಕೋಲಿನ ಉದ್ದ ಬೇಡ, ಭೂಮಿಯನ್ನೇ ಅಳೆಯೋಣ ಎಂದು ಕ್ರಾಂತಿಯ ಫ್ರಾನ್ಸ್ ತೀರ್ಮಾನಿಸಿತ್ತು. ಉತ್ತರ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಕೋಟಿಯಲ್ಲೊಂದು ಪಾಲು ಮೀಟರ್. 1792ರಲ್ಲಿ ದಲಾಂಬರ್ ಡನ್‌ಕರ್ಕಿನ ಕಡೆಯಿಂದ, ಮೆಶೇನ್ ಬಾರ್ಸಿಲೋನಾದ ಕಡೆಯಿಂದ ಅಳೆಯುತ್ತ ಹೊರಟರು. ಯುದ್ಧ, ಬಂಧನ, ಹಳ್ಳಿಯವರ ಅನುಮಾನಗಳನ್ನು ದಾಟಿ ಮುಗಿಸುವಷ್ಟರಲ್ಲಿ ಆರೇಳು ವರ್ಷ. ಬಾರ್ಸಿಲೋನಾದಲ್ಲಿ ಎರಡು ಕಡೆ ನಕ್ಷತ್ರ ನೋಡಿ ಹಾಕಿದ ಅಕ್ಷಾಂಶದ ಲೆಕ್ಕಗಳು ಮೂರು ಸೆಕೆಂಡಿನಷ್ಟು ತಾಳೆಯಾಗದೆ ಮೆಶೇನ್ ನಲುಗಿಹೋದ. ಅದನ್ನು ಯಾರಿಗೂ ಹೇಳದೆ ಮುಚ್ಚಿಟ್ಟ. 1804ರಲ್ಲಿ ಮತ್ತೆ ಅಳೆಯಲು ಸ್ಪೇನಿಗೆ ಹೋದವನು ಜ್ವರ ಬಂದು ಅಲ್ಲೇ ಸತ್ತ. ಗುಟ್ಟು ಸಿಕ್ಕಿದ್ದು ಅವನ ಕಾಗದಪತ್ರ ಬಿಚ್ಚಿದ ದಲಾಂಬರನಿಗೆ. ಭೂಮಿಯ ಚಪ್ಪಟೆತನದ ಅಂದಾಜೂ ಸ್ವಲ್ಪ ತಪ್ಪಿತ್ತು. ಹೀಗಾಗಿ 1799ರ ಪ್ಲಾಟಿನಂ ಸಲಾಕೆಯ ಮೀಟರ್, ಇರಬೇಕಾದದ್ದಕ್ಕಿಂತ 0.2 ಮಿಲಿಮೀಟರ್ ಗಿಡ್ಡ. ನಮ್ಮ ಮೀಟರ್‌ಗೇಜೂ ಅಷ್ಟೇ ಗಿಡ್ಡ ಅನ್ನಿ.

ಫ್ರೆಂಚರ ಸಲಾಕೆ ಸಿದ್ಧವಾದ ಮರುವರ್ಷವೇ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ನೂರು ಅಡಿಯ ಉಕ್ಕಿನ ಸರಪಳಿ ಹಾಸಿ ಆಧಾರರೇಖೆ ಅಳೆದ. ಚೀನಾದ ಚಕ್ರವರ್ತಿಗೆಂದು ಒಯ್ದು, ಅವನು ಒಲ್ಲೆನೆಂದ ಮೇಲೆ ಕಲ್ಕತ್ತಕ್ಕೆ ಬಂದಿದ್ದ ಸರಪಳಿಯದು. ಈ ದೇಶದ ನೆಲವನ್ನು ಭೂಮಿಯ ಡೊಂಕಿನ ಸಮೇತ ಅಳೆದ ಆ ದೊಡ್ಡ ಸಾಹಸ ನಡೆದದ್ದೆಲ್ಲ ಅಡಿಯ ಲೆಕ್ಕದಲ್ಲಿ. ಅಡಿಯನ್ನು ಅಲುಗಿಸುವುದು ಸ್ಟ್ರಾಚಿ ತಿಳಿದಷ್ಟು ಹಗುರವಿರಲಿಲ್ಲ.

ಕಾನೂನೇನೋ ಬಂತು. 1871ರ ಶಾಸನದ ಪ್ರಕಾರ ದೇಶದ ತೂಕ ‘ಸೇರು’, ಆದರೆ ಆ ಸೇರು ಒಂದು ಕಿಲೋಗ್ರಾಂಗೆ ಸಮ. ಹಳೆಯ ಹೆಸರು, ಹೊಸ ತೂಕ, ಜಾಣತನದ ಏರ್ಪಾಡು. ಅದು ತೂಕದ ಮತ್ತು ಪಾತ್ರೆಯಲ್ಲಿ ಹಿಡಿಯುವ ಅಳತೆಯ ಕಾನೂನು. ಉದ್ದದ ಮಾತು ಅದರಲ್ಲಿ ಇರಲೇ ಇಲ್ಲ! ಇದ್ದದ್ದೂ ಜಾರಿಗೆ ಬರಲಿಲ್ಲ. 1872ರ ಫೆಬ್ರವರಿ 8ರಂದು ಅಂಡಮಾನಿನ ಕೈದಿಗಳ ವಸಾಹತು ನೋಡಲು ಹೋಗಿದ್ದ ಮೇಯೊ, ಸಂಜೆ ದೋಣಿ ಹತ್ತುವ ಹೊತ್ತಿಗೆ ಶೇರ್ ಅಲಿ ಎಂಬ ಕೈದಿಯ ಚೂರಿಗೆ ಸಿಕ್ಕಿ ಸತ್ತ. ಅವನ ನಂತರ ಬಂದವರಿಗೆ ಮೀಟರಿನಲ್ಲಿ ಆಸಕ್ತಿ ಇರಲಿಲ್ಲ. ಶಾಸನ ಪುಸ್ತಕದಲ್ಲಿ ಮಲಗಿತು. ಆದರೆ ಹಳಿಗೆ ಆರ್ಡರ್ ಹೋಗಿತ್ತು, ಎಂಜಿನ್‌ಗಳು ಹಡಗು ಹತ್ತಿದ್ದವು. ಮೇಯೊ ಸತ್ತು ವರ್ಷ ತುಂಬಿದ ಆರನೆಯ ದಿನ ದೆಹಲಿ–ರೇವಾಡಿ ಮಾರ್ಗ ತೆರೆಯಿತು.

ಅದೇ ತಿಂಗಳು ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಇಂಡಿಯಾ ಆಫೀಸಿನ ವಿಲಿಯಂ ಥಾರ್ನ್‌ಟನ್ ಎರಡು ಅಗಲಗಳ ಗುಣದೋಷಗಳ ಮೇಲೆ ಪ್ರಬಂಧ ಓದಿದ. ಅದರ ಮೇಲಿನ ಚರ್ಚೆ ಹಲವು ಸಂಜೆ ಕಾವೇರಿತು. ವಿರೋಧಿಗಳ ಮಾತಿನಲ್ಲಿ ಹುರುಳಿತ್ತು. ರೈಲು ಅಗ್ಗವಾಗುವುದು ಹಳಿಗಳ ನಡುವಿನ ಅಂತರ ಕಡಿಮೆಯಾದದ್ದಕ್ಕಲ್ಲ. ಹಗುರವಾದ ಹಳಿ, ಹಗುರವಾದ ಗಾಡಿ, ಸಾದಾ ನಿಲ್ದಾಣಗಳಿಂದ. ಅಷ್ಟನ್ನು ಐದೂವರೆ ಅಡಿಯಲ್ಲೇ ಮಾಡಬಹುದಲ್ಲ, ನಾಳೆ ಸಂಚಾರ ಬೆಳೆದಾಗ ಹಳಿ ಮಾತ್ರ ಬದಲಿಸಿದರೆ ಮುಗಿಯಿತಲ್ಲ ಎಂದು ಅವರು ಕೇಳಿದರು. ನನಗೂ ಅದೇ ಸರಿ ಕಾಣುತ್ತದೆ. ಮೀಟರ್‌ಗೇಜಿನಲ್ಲಿ ಉಳಿದ ಹಣದಲ್ಲಿ ಬಹುಪಾಲು ಉಳಿದದ್ದು ಮೀಟರಿನಿಂದಲ್ಲ, ಕಂಪನಿಗಳ ದುಂದು ನಿಂತದ್ದರಿಂದ.

ಸೇನೆಯವರು ಚರ್ಚೆಗೆಲ್ಲ ಕಾಯಲಿಲ್ಲ. ಪಂಜಾಬಿನಿಂದ ವಾಯವ್ಯ ಗಡಿಗೆ, ಸಿಂಧೂ ಕಣಿವೆಗೆ ಹಾಕಬೇಕಿದ್ದ ಮಾರ್ಗಗಳೂ ಮೀಟರ್‌ಗೇಜ್ ಎಂದು ಗೊತ್ತಾಗಿತ್ತು. ರಷ್ಯನ್ನರು ಬಂದರೆ ಫಿರಂಗಿ ಕುದುರೆಗಳನ್ನು ಲಾಹೋರಿನಲ್ಲಿ ಇಳಿಸಿ ಹತ್ತಿಸುತ್ತ ಕೂರುವುದೇ ಎಂದು ದಂಡಿನವರು ಹಟ ಹಿಡಿದರು. 1874ರಲ್ಲಿ ಆ ಎರಡೂ ಬ್ರಾಡ್‌ಗೇಜ್ ಆಗಲಿ ಎಂದು ಲಂಡನ್ನಿನಿಂದ ಹುಕುಂ ಬಂತು. ಸೇನೆಗೆ ದೊಡ್ಡ ಹಳಿ, ಸಂಸ್ಥಾನಗಳಿಗೆ ಮತ್ತು ಬರದ ಸೀಮೆಗೆ ಸಣ್ಣ ಹಳಿ.

ಬರದ ಸೀಮೆ ಎಂದರೆ ನಾವೇ. ಬೆಂಗಳೂರಿಗೆ ಮದ್ರಾಸ್ ಕಡೆಯಿಂದ ಬ್ರಾಡ್‌ಗೇಜ್ ರೈಲು 1864ರಲ್ಲೇ ಬಂದು ದಂಡುಪ್ರದೇಶದಲ್ಲಿ ನಿಂತಿತ್ತು. ಅಲ್ಲಿಂದಾಚೆ ಎತ್ತಿನ ಗಾಡಿ. 1876ರಿಂದ 78ರ ದೊಡ್ಡ ಬರದಲ್ಲಿ ಹೊರಗಿನ ಧಾನ್ಯ ರೈಲಿನಲ್ಲಿ ಬೆಂಗಳೂರು ಮುಟ್ಟಿದರೂ ಒಳನಾಡು ಮುಟ್ಟುವುದು ದುಸ್ತರವಾಯಿತು. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಗಾಡಿ ಹೂಡುವುದು ಹೇಗೆ? 1871ರ ಜನಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಬರದ ಕಾರಣ ವಿಚಾರಿಸಿ ದೇಶಕ್ಕೆಲ್ಲ ಇನ್ನಷ್ಟು ರೈಲು ಬೇಕೆಂದು ವರದಿ ಕೊಟ್ಟ ಆಯೋಗದ ಅಧ್ಯಕ್ಷ ಬೇರೆ ಯಾರೂ ಅಲ್ಲ, ಮೀಟರಿನ ಅದೇ ರಿಚರ್ಡ್ ಸ್ಟ್ರಾಚಿ.

ಬೆಂಗಳೂರು–ಮೈಸೂರು ಮಾರ್ಗ ಕಟ್ಟಿದ್ದು ಈ ಹಿನ್ನೆಲೆಯಲ್ಲಿ, ಸಂಸ್ಥಾನದ ದುಡ್ಡಿನಲ್ಲಿ, ಮೀಟರ್‌ಗೇಜಿನಲ್ಲಿ. ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಮರಳಿಸಿದ 1881–82ರಲ್ಲಿ ಅದು ತೆರೆಯಿತು. ಸದರ್ನ್ ಮರಾಠಾ ರೈಲ್ವೆ ಕೈಗೆ ಹೋದ ಮೇಲೆ ತುಮಕೂರು, ಗುಬ್ಬಿ ದಾಟಿ 1889ರಲ್ಲಿ ಹರಿಹರ ಮುಟ್ಟಿತು. ಅತ್ತ ಹುಬ್ಬಳ್ಳಿ, ಲೋಂಡಾ, ಮೀರಜ್, ಪುಣೆಗಳಿಗೆ ಕೂಡಿಕೊಂಡಿತು. ಆ ಅಗ್ಗದ ಹಳಿ ಇಲ್ಲದಿದ್ದರೆ ಬೀರೂರಿಗೋ ಅರಸೀಕೆರೆಗೋ ರೈಲು ಬರಲು ಇನ್ನೊಂದು ತಲೆಮಾರು ಕಾಯಬೇಕಿತ್ತೇನೋ. ಈ ಮಾತನ್ನೂ ಮೇಯೊ ಪರವಾಗಿ ಹೇಳಲೇಬೇಕು.

ಆದರೆ ಬೆಂಗಳೂರು ನಮ್ಮ ಗ್ಲಾಸ್ಟರ್ ಆಯಿತು. ಪೂರ್ವಕ್ಕೆ ಹೊರಟರೆ ದೊಡ್ಡ ಹಳಿ, ಪಡುವಣಕ್ಕೆ ಹೊರಟರೆ ಸಣ್ಣ ಹಳಿ. ಮಂಡ್ಯದ ಬೆಲ್ಲ ಮದ್ರಾಸಿಗೆ ಹೋಗಬೇಕಾದರೆ ಇಲ್ಲಿ ಇಳಿದು ಹತ್ತಬೇಕು. ಇಂಥ ಕೂಡುನಿಲ್ದಾಣಗಳ ಟ್ರಾನ್ಸ್‌ಶಿಪ್‌ಮೆಂಟ್ ಷೆಡ್ಡುಗಳದೇ ಒಂದು ಲೋಕ. ನಡುವೆ ಉದ್ದನೆಯ ಕಟ್ಟೆ, ಒಂದು ಮಗ್ಗುಲಲ್ಲಿ ಬ್ರಾಡ್‌ಗೇಜ್ ವ್ಯಾಗನ್ನುಗಳ ಸಾಲು, ಇನ್ನೊಂದು ಮಗ್ಗುಲಲ್ಲಿ ಗಿಡ್ಡನೆಯ ಮೀಟರ್‌ಗೇಜಿನ ಸಾಲು. ಸೀಲು ಒಡೆದು ಬಾಗಿಲು ಸರಿಸಿದರೆ ಹಮಾಲರು ಬೆನ್ನು ಬಾಗಿಸಿ ಒಂದೊಂದೇ ಮೂಟೆ ಹೊತ್ತು ದಾಟಿಸಬೇಕು. ಕೊಡುವವನ ಗುಮಾಸ್ತ ಒಬ್ಬ, ಕೊಳ್ಳುವವನ ಗುಮಾಸ್ತ ಒಬ್ಬ, ಇಬ್ಬರದೂ ಎಣಿಕೆ. ದೊಡ್ಡ ವ್ಯಾಗನ್ನಿನ ಸರಕು ಚಿಕ್ಕದರಲ್ಲಿ ಹಿಡಿಯುವುದಿಲ್ಲ, ಮಿಕ್ಕ ನಾಲ್ಕು ಮೂಟೆಗೆ ಇನ್ನೊಂದು ಖಾಲಿ ವ್ಯಾಗನ್ ಬರುವ ತನಕ ಕಾಯಬೇಕು. ಮಳೆಗಾಲದಲ್ಲಿ ಸಕ್ಕರೆ ಕರಗುವ ಭಯ, ಬೇಸಿಗೆಯಲ್ಲಿ ಹಣ್ಣು ಕೊಳೆಯುವ ಭಯ. ಹರಿದ ಗೋಣಿಯಿಂದ ಸೋರಿದ ಕಾಳನ್ನು ಗುಡಿಸಿ ಬಾಚಿಕೊಂಡು ಹೋಗುವವರಿಗೆ ಮಾತ್ರ ಅದು ಅನ್ನದ ದಾರಿ. ಕಲ್ಕತ್ತದ ಕಚೇರಿಯಲ್ಲಿ ಉಳಿಸಿದ ಹಣದ ಬಡ್ಡಿಯನ್ನು ಹಮಾಲರ ಬೆನ್ನು ನೂರು ವರ್ಷ ಕಟ್ಟಿತು.

ಪ್ರಯಾಣಿಕರ ಪಾಡೂ ಅದೇ. ಬೆಂಗಳೂರಿನಿಂದ ಬೊಂಬಾಯಿಗೆ ಹೋಗುವವರು ಹಿಂದೆ ಪುಣೆಯಲ್ಲಿ, 1971ರ ನಂತರ ಮೀರಜ್‌ನಲ್ಲಿ ಗಾಡಿ ಬದಲಿಸಬೇಕಿತ್ತು. ಟ್ರಂಕು, ಹೋಲ್ಡಾಲು, ನೀರಿನ ಕೂಜ, ನಿದ್ದೆಗಣ್ಣಿನ ಮಕ್ಕಳನ್ನು ಎಳೆದುಕೊಂಡು ಪ್ಲಾಟ್‌ಫಾರಂ ದಾಟಿ ಓಡಿದ ನೆನಪು ಆ ಕಾಲದ ಎಷ್ಟೋ ಕನ್ನಡ ಮನೆಗಳಲ್ಲಿದೆ. ಉತ್ತರ ಕರ್ನಾಟಕದವರಿಗೆ ಮೀರಜ್ ಎಂದರೆ ತಂಬೂರಿ, ಆಸ್ಪತ್ರೆ, ಗಾಡಿ ಬದಲಿ. ಮೈಸೂರು ಸಂಸ್ಥಾನಕ್ಕಂತೂ ಎರಡು ಅಗಲವೂ ಸಾಲಲಿಲ್ಲ. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಎರಡೂವರೆ ಅಡಿಯ ನ್ಯಾರೋಗೇಜ್, ತರೀಕೆರೆಯಿಂದ ನರಸಿಂಹರಾಜಪುರದ ಕಾಡಿಗೆ ಎರಡೇ ಅಡಿಯ ಟ್ರಾಮು. ಒಂದೇ ರಾಜ್ಯದಲ್ಲಿ ನಾಲ್ಕು ಅಗಲ.

ಇನ್ನೊಂದು ಸ್ವಾರಸ್ಯವಿದೆ. ಭಾರತದ ರೈಲ್ವೆ ಎಂಜಿನ್‌ಗಳಿಗೆ ಕೊಡುವ ಗುರುತಿನಲ್ಲಿ ಮೊದಲ ಅಕ್ಷರ ಹಳಿಯ ಅಗಲದ್ದು. ಬ್ರಾಡ್‌ಗೇಜಿಗೆ ‘ಡಬ್ಲ್ಯು’, ಅಂದರೆ ವೈಡ್. ಮೀಟರ್‌ಗೇಜಿಗೆ ‘ಎಂ’ ಕೊಟ್ಟಿಲ್ಲ. ‘ವೈ’ ಕೊಟ್ಟಿದ್ದಾರೆ, ಅದು ಯಾರ್ಡ್‌ನ ವೈ. ಉಗಿಯ ವೈಪಿ, ವೈಜಿಗಳಿಂದ ಹಿಡಿದು ಡೀಸೆಲ್ಲಿನ ವೈಡಿಎಂ-4ರ ತನಕ ಎಲ್ಲಕ್ಕೂ ಅದೇ. ಸ್ಟ್ರಾಚಿಯ ಮೀಟರನ್ನು ಎಂಜಿನ್ನಿನ ಹಣೆಯ ಮೇಲೆ ಗಜಕೋಲು ಮಾಡಿ ಬರೆದಿಟ್ಟರು.

ಸಣ್ಣ ಹಳಿ ಸಮುದ್ರವನ್ನೂ ದಾಟಿತು. ಬರ್ಮಾಕ್ಕೆ ಹೋಯಿತು. 1896ರಲ್ಲಿ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ಕಡೆಗೆ ಬ್ರಿಟಿಷರು ಉಗಾಂಡಾ ರೈಲ್ವೆ ಶುರು ಮಾಡಿದಾಗ ಅದಕ್ಕೂ ಮೀಟರ್‌ಗೇಜನ್ನೇ ಆರಿಸಿದರು. ಭಾರತದ ಹಳೆಯ ಎಂಜಿನ್ನು, ವ್ಯಾಗನ್ನು, ಕಟ್ಟಿ ಗೊತ್ತಿದ್ದ ಕೆಲಸಗಾರರು ಎಲ್ಲವೂ ಕೈಗೆಟುಕುವಂತಿದ್ದವು. ಸುಮಾರು 32,000 ಭಾರತೀಯ ಕೂಲಿಗಳು ಕರಾರಿನ ಮೇಲೆ ಅಲ್ಲಿಗೆ ಹೋದರು. ತ್ಸಾವೊದ ನರಭಕ್ಷಕ ಸಿಂಹಗಳಿಗೆ ಆಹಾರವಾದವರೂ ಅವರಲ್ಲಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಇಲ್ಲಿನ ಸಣ್ಣ ಹಳಿ, ಎಂಜಿನ್‌ಗಳನ್ನು ಹಡಗಿಗೆ ಹೇರಿ ಬಸ್ರಾಕ್ಕೆ ಒಯ್ದು ಮರಳುಗಾಡಿನಲ್ಲಿ ಹಾಕಿದರು.

ಸ್ವತಂತ್ರ ಭಾರತಕ್ಕೆ ಬಂದ ಪಿತ್ರಾರ್ಜಿತದಲ್ಲಿ ಎರಡು ಅಗಲಗಳೂ ಹೆಚ್ಚುಕಡಿಮೆ ಸಮಪಾಲು. ಮೀಟರ್‌ಗೇಜನ್ನು ಆಗಲೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಮಂಗಳೂರಿಗೆ 1907ರಲ್ಲೇ ಕೇರಳದ ಕಡೆಯಿಂದ ದೊಡ್ಡ ಹಳಿ ಬಂದಿತ್ತು. ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಮಲಬಾರು, ಪಾಲ್ಘಾಟ್ ಸುತ್ತಿ ಹೋಗಬೇಕಿತ್ತು. ಹಾಸನದಿಂದ ಸಕಲೇಶಪುರದ ಘಟ್ಟ ಇಳಿದು, ಐವತ್ತಕ್ಕೂ ಹೆಚ್ಚು ಸುರಂಗ ದಾಟಿ ನೇರ ಹಾದಿ ತೆರೆದಾಗ 1979. ಆ ವರ್ಷ, ಆ ಘಟ್ಟದಲ್ಲಿ ಹಾಕಿದ್ದು ಮತ್ತೆ ಮೀಟರ್‌ಗೇಜ್.

ತಿರುವು ಬಂದದ್ದು 1992ರಲ್ಲಿ. ಚಳ್ಳಕೆರೆಯ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಮಂತ್ರಿಯಾಗಿದ್ದಾಗ ದೇಶದ ಹಳಿಯನ್ನೆಲ್ಲ ಒಂದೇ ಅಗಲಕ್ಕೆ ತರುವ ಯೂನಿಗೇಜ್ ಯೋಜನೆ ಶುರುವಾಯಿತು. ತವರಿಗೆ ಮೊದಲು ಮಾಡಿಕೊಂಡರು ಎಂದು ಟೀಕಿಸಿದವರಿದ್ದರು. ಮಾಡಿಕೊಂಡದ್ದು ಒಳ್ಳೆಯದೇ ಆಯಿತು ಎನ್ನುವ ಕನ್ನಡಿಗರ ಗುಂಪಿನಲ್ಲಿ ನಾನೂ ಇದ್ದೇನೆ. ಗೇಜ್ ಪರಿವರ್ತನೆ ಎಂದರೆ ಒಂದು ಹಳಿಯನ್ನು ಎರಡು ಅಡಿ ಆಚೆ ಸರಿಸುವ ಕೆಲಸವಲ್ಲ. ಸ್ಲೀಪರ್ ಬದಲಾಗಬೇಕು, ತಿರುವು ಹಿಗ್ಗಬೇಕು, ಸೇತುವೆ ಗಟ್ಟಿಯಾಗಬೇಕು, ಪ್ಲಾಟ್‌ಫಾರಂ ಎತ್ತರವಾಗಬೇಕು. ಅಲ್ಲಿಯವರೆಗೆ ಊರಿಗೆ ರೈಲಿಲ್ಲ. ಹಾಸನ–ಮಂಗಳೂರು ಮಾರ್ಗ ಮುಚ್ಚಿದ್ದು 1996ರಲ್ಲಿ. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ಕ್ಕೆ, ಪ್ರಯಾಣಿಕರ ರೈಲು 2007ರ ಕೊನೆಗೆ. ಹದಿನೇಳು ವರ್ಷ ಓಡಿದ ರೈಲಿಗೆ ಹನ್ನೊಂದು ವರ್ಷ ರಜೆ. ಶಿವಮೊಗ್ಗ–ತಾಳಗುಪ್ಪದ ಸಣ್ಣ ಹಳಿಯ ಮೇಲೆ ಕೊನೆಕೊನೆಗೆ ಓಡುತ್ತಿದ್ದದ್ದು ರೈಲ್‌ಬಸ್ಸು. ನಮ್ಮ ಪಕ್ಕದಲ್ಲಿ ಈಗ ಮೀಟರ್‌ಗೇಜ್ ನೋಡಬೇಕೆಂದರೆ ನೀಲಗಿರಿಗೆ ಹೋಗಬೇಕು. ಮೇಟ್ಟುಪಾಳ್ಯದಿಂದ ಊಟಿಗೆ ಹಲ್ಲುಹಳಿ ಕಚ್ಚಿಕೊಂಡು ಹತ್ತುವ ಆ ರೈಲಿನ ಅಗಲ ಒಂದು ಮೀಟರ್, ಮತ್ತು ಅದನ್ನು ಬದಲಿಸುವ ಮಾತನ್ನು ಯಾರೂ ಎತ್ತುವುದಿಲ್ಲ.

ಅಗಲದ ಜಗಳ ಅಲ್ಲಿಗೂ ಮುಗಿಯಲಿಲ್ಲ. ದೆಹಲಿ ಮೆಟ್ರೋ ಕಟ್ಟುವಾಗ ಇ. ಶ್ರೀಧರನ್ ಅವರಿಗೆ ಬೇಕಿದ್ದದ್ದು ಜಗತ್ತಿನ ಬಹುತೇಕ ಮೆಟ್ರೋಗಳು ಬಳಸುವ 1,435 ಮಿಲಿಮೀಟರ್, ಅಂದರೆ ಸ್ಟೀಫನ್‌ಸನ್ನನ ಆ 4 ಅಡಿ 8½ ಅಂಗುಲ. ರೈಲ್ವೆ ಇಲಾಖೆ ಬ್ರಾಡ್‌ಗೇಜೇ ಆಗಬೇಕೆಂದು ಗೆದ್ದಿತು. 2002ರಲ್ಲಿ ದೆಹಲಿಯ ಮೊದಲ ಮೆಟ್ರೋ ಓಡಿದ್ದು ಐದೂವರೆ ಅಡಿಯ ಮೇಲೆ. ಮುಂದಿನ ಮಾರ್ಗಗಳಲ್ಲಿ ಶ್ರೀಧರನ್ ವಾದಕ್ಕೆ ಜಯವಾಯಿತು. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಹೊರಟ ನಮ್ಮ ಮೆಟ್ರೋ ಕೂಡ 1,435. ಹೀಗೆ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ಕೇಳಿದ್ದ ಹಳಿ, ಕಂಪನಿ ಹೋಗಿ ಒಂದೂವರೆ ಶತಮಾನವಾದ ಮೇಲೆ ಬೆಂಗಳೂರಿಗೆ ಬಂತು.

ಕೀನ್ಯಾದಲ್ಲೂ ಅದೇ ಅಗಲ ಬಂದಿದೆ. ಮೊಂಬಾಸಾದಿಂದ ನೈರೋಬಿಗೆ ಚೀನಾದ ಸಾಲದಲ್ಲಿ ಕಟ್ಟಿದ 1,435 ಮಿಲಿಮೀಟರಿನ ಹೊಸ ಮಾರ್ಗ 2017ರಲ್ಲಿ ತೆರೆಯಿತು. ಅಲ್ಲಿಂದ ಮುಂದೆ ಉಗಾಂಡಾದ ಗಡಿ ಮುಟ್ಟಬೇಕಿದ್ದ ಹಳಿ, ದುಡ್ಡು ಸಾಲದೆ, ನೈವಾಷಾದ ಬಳಿ ನಿಂತುಬಿಟ್ಟಿತು. ಮುಂದಕ್ಕೆ ಹೋಗಬೇಕಾದ ಕಂಟೇನರುಗಳನ್ನು ಅಲ್ಲಿ ಇಳಿಸಿ, ಮೀಟರ್‌ಗೇಜಿನ ವ್ಯಾಗನ್ನಿಗೆ ಹೇರುತ್ತಾರೆ. ಹಮಾಲರ ಬದಲು ಕ್ರೇನು.